ಹದಿನೇಳು ಪೆಟ್ಟು

ಕಂತು ಒಂಬತ್ತು

"ಮುಟ್ಟಬ್ಯಾಡ್ರಿ ಮಾವಶಿ. ನೋಡೂದಷ್ಟ," ಎಂದ ಸಬ್ ಇನ್ಸ್‌ಪೆಕ್ಟರ್ ಕೃಷ್ಣಾಜಿ.

ದೇವೀರಮ್ಮ ಆಗಲೇ ಮುಟ್ಟಿಯಾಗಿತ್ತು. ಠಾಣೆಯ ಮೇಜಿನ ಮೇಲಿದ್ದ ಗೋಣಿಚೀಲದ ಬಾಯಿ ಬಿಚ್ಚಿ, ಒಳಗಿದ್ದ ಕಬ್ಬಿಣದ ಗಡ್ಡೆಯನ್ನು ಸೆರಗಿನಲ್ಲಿ ಹಿಡಿದೆತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮೂಗಿನ ತುದಿ ಕೆಂಪಾಯಿತು. ಅವರಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಮೂಗಿಗೇ.

"ಇದೇನಾ ನಿಮ್ಮ ಸಾಕ್ಷಿ?"

"ಹೌದ್ರಿ. ತಜ್ಞರ ರಿಪೋರ್ಟ್ ಅದ."

"ಓದು."

ಕೃಷ್ಣಾಜಿ ಓದಿದ. ಅಪಘಾತಕ್ಕೀಡಾದ ಟೆಂಪೋದ ತಳಭಾಗದ ಯಂತ್ರಭಾಗವೊಂದರ ಮೇಲೆ ಸುತ್ತಿಗೆಯಿಂದ ಹೊಡೆದ ಹದಿನೇಳು ಗುರುತುಗಳಿವೆ. ಇವು ವಾಹನವನ್ನು ಬೇಕೆಂದೇ ಕೆಡಿಸಲು ಮಾಡಿದ ಪ್ರಯತ್ನವೆಂದು ಕಂಡುಬರುತ್ತದೆ. ಕೆಳಗೊಂದು ಸಹಿ. ಸಹಿಯ ಕೆಳಗೆ ಮೂರು ಸಾಲು ಪದವಿಗಳು.

"ಯಂತ್ರಭಾಗವೊಂದು," ಎಂದರು ದೇವೀರಮ್ಮ. "ಹೆಸರು ಕೂಡ ಬರೆದಿಲ್ಲ ಆ ಮಹಾನುಭಾವ. ಯಾಕಂದ್ರೆ ಅವನಿಗೆ ಗೊತ್ತಿಲ್ಲ. ಇದು ಸ್ಟಾರ್ಟರ್ ಮೋಟರ್ ಕಣಪ್ಪ. ಕೀ ತಿರುಗಿಸಿದಾಗ ಇಂಜಿನ್ನನ್ನ ಎಬ್ಬಿಸೋದು. ಬ್ರೇಕಿಗೂ ಇದಕ್ಕೂ ಏನು ಸಂಬಂಧ?"

ಯಾವ ಸಂಬಂಧವೂ ಇರಲಿಲ್ಲ. ಆ ಇಲ್ಲದ ಸಂಬಂಧದ ಮೇಲೆಯೇ ಗ್ಯಾರೇಜಿನ ಹುಲಿಗೆಪ್ಪ ನಿನ್ನೆ ಸಂಜೆಯಿಂದ ಪಕ್ಕದ ಲಾಕಪ್ಪಿನಲ್ಲಿ ಕೂತಿದ್ದ. ಭಾನುವಾರ ಲೋಣಾವಳಾದ ಇಳಿಜಾರಿನಲ್ಲಿ ಅಕ್ಕುವಿನ ಹೋಟೆಲಿನ ಟೆಂಪೋ ಕಲ್ಲಿನ ತಡೆಗೋಡೆಗೆ ಗುದ್ದಿ, ಡ್ರೈವರ್ ಮಾರ್ತಾಂಡ ಹೆಣವಾಗಿ ಸಿಕ್ಕಿದ್ದ. ಬ್ರೇಕಿನ ಎಣ್ಣೆ ಪೈಪಿನ ನಟ್ಟು ಸಡಿಲವಾಗಿತ್ತು. ಅದಕ್ಕೆ ಎರಡು ದಿನ ಮುಂಚೆಯಷ್ಟೇ ಆ ಗಾಡಿಯ ಕೆಳಗೆ ಮಲಗಿ ಎದ್ದವನು ಹುಲಿಗೆಪ್ಪ. ಇಂದು ನಾಲ್ಕಕ್ಕೆ ಅವನನ್ನು ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ಹಾಜರುಪಡಿಸುತ್ತಾರೆ. ಆಮೇಲೆ ಜೈಲು.

"ನಟ್ಟ ಸಡಲ ಇತ್ತಲ್ರಿ ಮತ್ತ," ಎಂದ ಕೃಷ್ಣಾಜಿ.

"ನಟ್ಟು ಸಡಿಲ ಮಾಡೋದು ಪಾನಾದಿಂದ, ಸ್ಪ್ಯಾನರಿನಿಂದ. ಸುತ್ತಿಗೆಯಿಂದ ಅಲ್ಲ."

"ನಮ್ಮ ಸಾಹೇಬ್ರು ಅಂತಾರ, ಸುತ್ತಿಗಿ ಹಿಡದಾವ ಪಾನಾನೂ ಹಿಡದಿರ್ತಾನ ಅಂತ."

"ನಿಮ್ಮ ಸಾಹೇಬರು ಊಟಕ್ಕೆ ಚಮಚ ಹಿಡಿತಾರಲ್ಲ. ಹಾಗಾದ್ರೆ ಅಡುಗೇನೂ ಅವರೇ ಮಾಡಿದ್ದಾ?"

ಕೃಷ್ಣಾಜಿ ಬಾಗಿಲ ಕಡೆ ನೋಡಿ ನಗು ನುಂಗಿದ. ಬೆಳಗಾವಿ ಕಡೆಯ ತಾಯಿಯ ಮಗ, ಕನ್ನಡ ಮನೆಮಾತು. ಅವನ ಅಪ್ಪ ಮತ್ತು ದೇವೀರಮ್ಮ ಖಡಕಿಯ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮೇಜಿನವರು. ಮೂವತ್ತೊಂದು ವರ್ಷ ಆ ಮೇಜಿನ ಮೇಲೆ ಬಂದುಹೋದ ಲೋಹದ ಭಾಗಗಳನ್ನು ತಟ್ಟಿ, ಸವರಿ, ಭೂತಗನ್ನಡಿಯಲ್ಲಿ ನೋಡಿ, ಇದು ಪಾಸು ಇದು ತಿರಸ್ಕೃತ ಎಂದು ಬರೆದ ಹೆಂಗಸು ಈಕೆ. ಒಂದು ಬಿರುಕನ್ನು ಕಂಡೂ ಕಾಣದ ಹಾಗೆ ಸಹಿ ಹಾಕು ಎಂದ ಮೇಲಧಿಕಾರಿಗೆ ಪೆನ್ನನ್ನೇ ಕೊಟ್ಟು ನೀವೇ ಹಾಕಿ ಎಂದವರು. ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಆ ಹಳೆಯ ಸಲುಗೆಯ ಮೇಲೆ ಕೃಷ್ಣಾಜಿ ಈಗ ಹತ್ತು ನಿಮಿಷ ಕೊಟ್ಟಿದ್ದ.

"ಹೋಟೆಲಿನ ಸುಖೇಶನ ಹೇಳಿಕೆ ಎಲ್ಲಿ?" ಎಂದು ಕೇಳಿದರು ದೇವೀರಮ್ಮ.

ಕೃಷ್ಣಾಜಿ ಅದನ್ನೂ ತೆಗೆದ. ಸುಖೇಶ್ ಅಕ್ಕುವಿನ ಮಗ, ಈಗ ಹೋಟೆಲ್ ನೋಡಿಕೊಳ್ಳುವವನು. ಅವನ ಹೇಳಿಕೆ ಚಿಕ್ಕದಾಗಿತ್ತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮಾರ್ತಾಂಡ ಒಬ್ಬನೇ ಹಿತ್ತಲಲ್ಲಿ ಟೆಂಪೋ ಸ್ಟಾರ್ಟ್ ಮಾಡಿಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಶುಕ್ರವಾರ ಹುಲಿಗೆಪ್ಪ ಅದೇ ಗಾಡಿಯ ಕೆಳಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದದ್ದನ್ನೂ ನೋಡಿದ್ದೇನೆ.

ದೇವೀರಮ್ಮ ಎರಡನೆಯ ಸಲ ಓದಿ ಕಾಗದವನ್ನು ಮಡಿಸದೆ ಮೇಜಿನ ಮೇಲಿಟ್ಟರು.

"ಹುಲಿಗೆಪ್ಪನ್ನ ಮಾತಾಡಿಸಬೇಕು."

"ಐದ ಮಿನಿಟ. ಮೂರೂವರಿಗೆ ವ್ಯಾನ್ ಹೊಂಡ್ತದ."

ಲಾಕಪ್ಪಿನ ಸರಳಿನ ಆಚೆ ಹುಲಿಗೆಪ್ಪ ನೆಲದ ಮೇಲೆ ಕೂತಿದ್ದ. ಕೊಪ್ಪಳದ ಕಡೆಯವನು, ಐವತ್ತರ ಆಸುಪಾಸು. ಹದಿನಾರು ವರ್ಷದಿಂದ ಖಡಕಿ ಬಜಾರಿನ ಹಿಂದೆ ತಗಡಿನ ಗ್ಯಾರೇಜು. ದೇವೀರಮ್ಮನವರ ಸ್ಕೂಟರಿಗೆ ಜೀವ ಕೊಡುತ್ತ ಬಂದವನೂ ಅವನೇ. ಅವರನ್ನು ಕಂಡು ಎದ್ದು ನಿಂತ. ಕೈ ಮುಗಿಯಲು ಹೋಗಿ, ಯಾಕೋ ಅರ್ಧಕ್ಕೇ ಬಿಟ್ಟ.

"ಹುಲಿಗೆಪ್ಪ, ಅಕ್ಕು ಹೋಟೆಲಿನ ಗಾಡಿ ನೀನು ಹೇಗೆ ಕುಟ್ಟಿ ಎಬ್ಬಿಸ್ತಿದ್ದೆ?"

"ಕುಟ್ಟೂದಲ್ರಿ ಅಮ್ಮಾ, ತಟ್ಟೂದು." ಅಷ್ಟು ಹೊತ್ತು ಬಾಡಿದ್ದ ಅವನ ಮುಖಕ್ಕೆ ಕೆಲಸದ ಮಾತು ಬಂದೊಡನೆ ಸ್ವಲ್ಪ ಕಳೆ ಬಂತು. "ಮೋಟರಿನ ಒಳಗ ಕಾರ್ಬನ್ ತುಂಡ ಇರ್ತಾವ್ರಿ. ಸವದು ಸವದು ಸಿಕ್ಕೊಂಡು ಕೂಡ್ತಾವ. ಹಿಂದಿನ ತುದಿ ಮ್ಯಾಲೆ ಸಣ್ಣ ಸುತ್ತಿಗಿಲೆ ಮೂರ ಸಲ ತಟ್ಟಬೇಕು. ಮಲಗಿದ ಕೂಸಿನ್ನ ಎಬ್ಬಿಸಿದಂಗ. ಅಲ್ಲಾಡಿ ಕೆಳಗ ಇಳಿತಾವ, ಮೋಟರ್ ತಿರಗತದ. ಸಿಟ್ಟಿಲೆ ಹೊಡದ್ರ ಒಳಗಿನ ಮ್ಯಾಗ್ನೆಟ್ ಸೀಳ್ತದ, ಮುಗೀತು."

"ಇದನ್ನ ಒಬ್ಬನೇ ಮಾಡಬಹುದಾ?"

"ಆಗೂದಿಲ್ರಿ. ಕೀ ತಿರಿವಿ ಹಿಡದಿರಬೇಕು, ಆವಾಗ ತಟ್ಟಬೇಕು. ಕೈ ಬಿಟ್ರ ಕೀ ತಾನ ಹಿಂದ ಬರ್ತದ, ಮೋಟರ್ ಮತ್ತ ನಿದ್ದಿ. ಮ್ಯಾಲೊಬ್ಬ, ಕೆಳಗೊಬ್ಬ. ಇಬ್ರು ಬೇಕೇ ಬೇಕು."

"ತಳ್ಳಿ ಸ್ಟಾರ್ಟ್ ಮಾಡಿದ್ರೆ?"

"ಆ ಹಿತ್ತಲದಾಗ ಎಲ್ಲಿ ತಳ್ತೀರಿ? ಮುಖ ಗ್ವಾಡಿಗೆ ಹಚ್ಚಿ ನಿಲ್ಲಸ್ತಾರ. ಹಿಂದ ಗೇಟಿನ ತನಕ ಏರು ಅದ." ಅವನು ತಲೆಯಾಡಿಸಿದ. "ಸುಖೇಶಣ್ಣಾರಿಗೆ ಮೂರ ಸಲ ಹೇಳೇನ್ರಿ, ಮೋಟರ್ ಬದಲಿ ಮಾಡ್ಸ್ರಿ ಅಂತ. ತಟ್ಟಿದ್ರ ನಡೀತದಲ್ಲ ಹುಲಿಗೆಪ್ಪಾ, ಅಂದ್ರು. ಈಗ ಅದೇ ತಟ್ಟಿದ್ದಕ್ಕ ನನ್ನ ಒಳಗ ಹಾಕ್ಯಾರ."

"ಭಾನುವಾರ ಮಧ್ಯಾಹ್ನ ನೀನೆಲ್ಲಿದ್ದೆ?"

"ದೇಹೂ ರೋಡಿನಾಗ, ತಂಗಿ ಮನ್ಯಾಗ. ಮುಂಜಾನಿಂದ ಸಂಜೀತನಕ." ಹುಲಿಗೆಪ್ಪ ತನ್ನ ಉಗುರಿನ ಸಂದಿಯ ಗ್ರೀಸನ್ನು ಕೆರೆಯತೊಡಗಿದ. "ಅಮ್ಮಾ, ನೀವು ಭಾಳ ತಿರಗಬ್ಯಾಡ್ರಿ. ಬಿಸಲ ಅದ."

ದೇವೀರಮ್ಮ ಸರಳಿನಿಂದ ಹಿಂದೆ ಸರಿದರು. ತಾನು ಜೈಲಿಗೆ ಹೋಗುವ ಹೊತ್ತಿನಲ್ಲಿ ಇನ್ನೊಬ್ಬರ ಬಿಸಿಲಿನ ಚಿಂತೆ. ಇಂಥವನ ಮೇಲೆ ಕೊಲೆಯ ಆರೋಪ. ಹೆಸರಿನ ಹಿಂದೆ ಮೂರು ಸಾಲು ಬಾಲ ಕಟ್ಟಿಕೊಂಡವನೊಬ್ಬ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ ಬರೆದ ಎರಡು ವಾಕ್ಯ ಸಾಕು, ಹದಿನಾರು ವರ್ಷ ಊರಿನ ಗಾಡಿಗಳನ್ನು ಓಡಿಸಿದ ಕೈಗೆ ಬೇಡಿ ಬೀಳಲು.

ಅವರು ಮತ್ತೆ ಮೇಜಿಗೆ ಬಂದರು. ತಮ್ಮ ಕೈಚೀಲದಿಂದ ಭೂತಗನ್ನಡಿ ತೆಗೆದು, ಮೊಬೈಲಿನ ದೀಪ ಹಚ್ಚಿ, ಗುರುತುಗಳನ್ನು ಒಂದೊಂದಾಗಿ ಎಣಿಸಿದರು. ಹದಿನೇಳೇ. ಎಣಿಕೆಯಲ್ಲಿ ಮಾತ್ರ ಆ ತಜ್ಞ ಮೋಸ ಮಾಡಿರಲಿಲ್ಲ.

"ಕೃಷ್ಣಾಜಿ, ಬಾ ಇಲ್ಲಿ. ಈ ತುದಿ ನೋಡು. ಒಂದು ಬಿಲ್ಲೆಯಷ್ಟು ಜಾಗದಲ್ಲಿ ಹನ್ನೊಂದು ಗುರುತು. ಸಣ್ಣ ಸಣ್ಣ ತಗ್ಗು, ಒಳಗೆಲ್ಲ ತುಕ್ಕು. ಹಳೇವು. ಬಲ್ಲವರು ತಟ್ಟಿದ್ದು. ಹುಲಿಗೆಪ್ಪ, ಅಥವಾ ಅವನು ಕಲಿಸಿಕೊಟ್ಟ ಮಾರ್ತಾಂಡ."

"ಹ್ಞೂಂ."

"ಈಗ ಈ ನಡುಭಾಗ ನೋಡು. ಆರು. ಇಲ್ಲಿ ತಟ್ಟಿದ್ರೆ ಏನೂ ಪ್ರಯೋಜನ ಇಲ್ಲ, ಎಲ್ಲೋ ಒಂದು ಏಟು ತಪ್ಪಿ ಕೆಲಸ ಮಾಡಿರಬೇಕು ಅಷ್ಟೆ. ಗೊತ್ತಿಲ್ಲದವರು ಹೊಡೆದದ್ದು. ಮತ್ತೆ ತುಕ್ಕಿಲ್ಲ. ಮೊನ್ನೆ ಮೊನ್ನೆಯದು."

"ಸುತ್ತಿಗಿ ಅಂತೂ ಹೌದಲ್ರಿ."

"ಅಲ್ಲ." ದೇವೀರಮ್ಮ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು. "ಬಣ್ಣ ಚಕ್ಕೆ ಎದ್ದಿದೆ, ಲೋಹ ತಗ್ಗಿಲ್ಲ. ಸುತ್ತಿಗೆ ಉಕ್ಕು. ಉಕ್ಕಿನಿಂದ ಇಷ್ಟು ಜೋರಾಗಿ ಹೊಡೆದ್ರೆ ತಗ್ಗು ಬೀಳಲೇಬೇಕು. ಹೊಡೆದ ವಸ್ತು ಇದಕ್ಕಿಂತ ಮೆತ್ತಗಿತ್ತು. ಈ ಗೆರೆ ಕಾಣ್ತಿದೆಯಾ? ಯಾವ ಬಣ್ಣ?"

ಕೃಷ್ಣಾಜಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಹಳದಿ."

"ಹಿತ್ತಾಳೆ," ಎಂದರು ದೇವೀರಮ್ಮ. "ಯಾವ ಗ್ಯಾರೇಜಿನಲ್ಲಿ ಹಿತ್ತಾಳೆ ಇಟ್ಟುಕೊಂಡು ಗಾಡಿ ತಟ್ಟುತ್ತಾರೆ ಹೇಳು. ಭಾನುವಾರ ಈ ಗಾಡಿ ಎಬ್ಬಿಸಿದವರು ಇಬ್ಬರು. ಮಾರ್ತಾಂಡ ಸೀಟಿನ ಮೇಲೆ ಕೀ ಹಿಡಿದಿದ್ದ. ಕೆಳಗೆ ಕೂತು ಹೊಡೆದದ್ದು ಕೆಲಸ ಗೊತ್ತಿಲ್ಲದ ಇನ್ನೊಬ್ಬರು. ಸುಖೇಶ ಬರೆಸಿದ್ದು ಸುಳ್ಳು. ಆ ಇನ್ನೊಬ್ಬರು ಯಾರು ಅಂತ ಅವನಿಗೆ ಗೊತ್ತು. ಗೊತ್ತಿದ್ದೇ ಹುಲಿಗೆಪ್ಪನ ತಲೆಗೆ ಕಟ್ಟಿದ್ದಾನೆ."

ಕೃಷ್ಣಾಜಿ ಗಡಿಯಾರ ನೋಡಿದ. ಎರಡೂ ನಲವತ್ತು. ಟೋಪಿ ತೆಗೆದುಕೊಂಡ.

"ಚಲಾ, ನಡೀರಿ," ಎಂದ. "ನಾನೂ ಬರ್ತೀನಿ. ಆದ್ರ ಅಲ್ಲಿ ಏನ್ ಕೇಳ್ತೀನೋ ಅದನ್ನ ನಾ ಬರ್ಕೋಬೇಕಾಗ್ತದ ಮಾವಶಿ. ನೀವು ಬ್ಯಾಡ ಅಂದ್ರೂನೂ."

"ಬರ್ಕೋ. ಒಂದಕ್ಷರ ಬಿಡಬೇಡ. ಅದಕ್ಕೇ ಕರೀತಿರೋದು."

ಅಕ್ಕುವಿನ ಹೋಟೆಲಿಗೆ ಬೇರೆ ಹೆಸರಿನ ಬೋರ್ಡು ಇದ್ದರೂ ಖಡಕಿಯಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಉಡುಪಿ ಕಡೆಯಿಂದ ಗಂಡನ ಜೊತೆ ಬಂದ ಅಕ್ಕು ಐವತ್ತು ವರ್ಷದಿಂದ ಆ ಗಲ್ಲಾಪೆಟ್ಟಿಗೆಯ ಹಿಂದೆ ಇದ್ದಾರೆ. ಗಂಡ ಹೋದ ಮೇಲೂ ಇದ್ದಾರೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಶಟರ್ ಅರ್ಧ ಇಳಿಯುತ್ತದೆ. ಸಪ್ಲೈಯರುಗಳು ಮಾಳಿಗೆಯಲ್ಲಿ ಉರುಳಿಕೊಳ್ಳುತ್ತಾರೆ. ಬಾಗಿಲು ಕಾಯುವುದಕ್ಕೆ ಅಕ್ಕು ಒಬ್ಬರೇ ಸಾಕು.

ಶಟರಿನಡಿ ಬಗ್ಗಿ ಇಬ್ಬರೂ ಒಳಗೆ ಬಂದಾಗ ಅಕ್ಕು ಮೆಣಸಿನ ತೊಟ್ಟು ಮುರಿಯುತ್ತಿದ್ದರು. ಸುಖೇಶ್ ಮೊಬೈಲಿನಲ್ಲಿ ಯಾರಿಗೋ ಎಲೆಕೋಸಿನ ಆರ್ಡರ್ ಹೇಳುತ್ತಿದ್ದ. ಪೊಲೀಸ್ ಬಟ್ಟೆ ಕಂಡೊಡನೆ ಫೋನ್ ಇಟ್ಟ.

"ಬನ್ನಿ ಮೇಡಂ. ಚಾ ಮಾಡಿಸ್ಲಿಕ್ಕೆ ಈಗ ಯಾರೂ ಇಲ್ಲ."

"ಬೇಡ. ಒಂದು ಕುರ್ಚಿ ಹಾಕು. ಅಲ್ಲಲ್ಲ, ನೀನೇ ಕೂತ್ಕೋ. ಇದು ನಿನ್ನ ಟೆಂಪೋದ ಡ್ರೈವರ್ ಸೀಟು ಅಂತ ತಿಳ್ಕೋ."

ಸುಖೇಶ್ ಕೃಷ್ಣಾಜಿಯ ಮುಖ ನೋಡಿದ. ಕೃಷ್ಣಾಜಿ ನೋಟ್‌ಬುಕ್ ತೆರೆದು ಟೇಬಲ್ಲಿಗೆ ಒರಗಿ ನಿಂತ. ಬೇರೆ ದಾರಿ ಕಾಣದೆ ಸುಖೇಶ್ ಕೂತ.

ದೇವೀರಮ್ಮ ತಮ್ಮ ಮನೆಯ ಬೀಗದ ಕೈ ಅವನ ಬಲಗೈಗೆ ಕೊಟ್ಟರು. ಆಮೇಲೆ ಎಡಕ್ಕೆ ಐದು ಹೆಜ್ಜೆ ಅಳೆದು, ನೆಲದ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿದರು.

"ಇದು ಮುಂದಿನ ಎಡಚಕ್ರ. ಇದರ ಹಿಂದೆ ಮೋಟರು. ಭಾನುವಾರ ಮಾರ್ತಾಂಡ ಒಬ್ಬನೇ ಸ್ಟಾರ್ಟ್ ಮಾಡಿದ್ದನ್ನ ಕಣ್ಣಾರೆ ನೋಡಿದೆ ಅಂತ ಬರೆಸಿದ್ದೀಯ. ಹೇಗೆ ಮಾಡಿದ ತೋರಿಸು. ಕೀ ಬಿಡಬಾರದು. ಲೋಟಕ್ಕೆ ಮೂರು ಸಲ ತಟ್ಟಬೇಕು."

"ಎಂತ ಮೇಡಂ ಇದು, ನಾಟಕವಾ?"

"ನಾಟಕ ನೀನು ಠಾಣೆಯಲ್ಲಿ ಆಡಿದ್ದು. ತೋರಿಸು."

ಸುಖೇಶ್ ಕೂತಲ್ಲೇ ಕೂತಿದ್ದ. ಎಡಗೈ ಒಮ್ಮೆ ಸುಮ್ಮನೆ ಆ ಕಡೆ ಚಾಚಿತು, ಹಿಂದೆ ಬಂತು.

"ಒಂದೊಂದು ದಿನ ಕುಟ್ಟದೆಯೂ ಸ್ಟಾರ್ಟ್ ಆಗ್ತದೆ."

"ಆಗಲಿ. ಭಾನುವಾರ ಕುಟ್ಟಿದ್ದಾರೆ. ಗುರುತು ನಾನು ನೋಡಿ ಬಂದೆ."

ಅಷ್ಟು ಹೇಳಿ ದೇವೀರಮ್ಮ ಅಡುಗೆಮನೆಗೆ ನಡೆದರು. ಡ್ಯೂಟಿ ಮುಗಿಸಿ ಮೂವತ್ತು ವರ್ಷ ಚಹ ಕುಡಿದ ಜಾಗ. ಶುಂಠಿ ಜಜ್ಜುವ ಕಲ್ಲು ಎಲ್ಲಿದೆ, ಅದರ ಪಕ್ಕದಲ್ಲಿ ಏನಿರುತ್ತದೆ ಎಂದು ಅವರಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಹೊರಗೆ ಬಂದಾಗ ಅವರ ಸೆರಗಿನಲ್ಲಿ ಮೊಣಕೈಯುದ್ದದ ಹಿತ್ತಾಳೆಯ ಕುಟ್ಟಾಣಿ ಇತ್ತು. ತಿರುಗಿಸಿ ಟೇಬಲ್ಲಿನ ಮೇಲಿಟ್ಟರು. ಶುಂಠಿ ತಾಗಿ ತಾಗಿ ಹೊಳೆಯುವ ಅದರ ಬುಡದ ಅಂಚಿನಲ್ಲಿ ಹೊಸ ಜಜ್ಜುಗಳಿದ್ದವು. ಒಂದು ಜಜ್ಜಿನಲ್ಲಿ ಕಪ್ಪು ಬಣ್ಣದ ಚಕ್ಕೆ ಕಚ್ಚಿಕೊಂಡಿತ್ತು.

"ಶುಂಠಿಗೆ ಕಪ್ಪು ಪೇಂಟ್ ಯಾವಾಗಿನಿಂದ ಹಚ್ಚುತ್ತಿದ್ದೀರಿ ಸುಖೇಶ?"

ಗಲ್ಲಾದ ಹಿಂದೆ ಮೆಣಸಿನ ತೊಟ್ಟು ಮುರಿಯುವ ಸದ್ದು ನಿಂತಿತ್ತು.

"ಹುಲಿಗೆಪ್ಪ ನಿನಗೆ ಮೂರು ಸಲ ಹೇಳಿದ್ದ, ಮೋಟರ್ ಬದಲಾಯಿಸು ಅಂತ," ದೇವೀರಮ್ಮನವರ ದನಿ ಏರಿತು. "ನೀನು ಮಾಡಿಸಲಿಲ್ಲ. ಅವನೇ ಬಂದು ಬಂದು ತಟ್ಟಿ ನಿನ್ನ ಹೋಟೆಲಿನ ಗಾಡಿ ಓಡಿಸಿದ. ಮಳೆಯಲ್ಲಿ ಬಂದಿದ್ದಾನೆ, ಹಬ್ಬದ ದಿನ ಊಟ ಬಿಟ್ಟು ಬಂದಿದ್ದಾನೆ. ಇವತ್ತು ಆ ತಟ್ಟಿದ್ದನ್ನೇ ತೋರಿಸಿ, ನೋಡಿ ಇವನು ಸುತ್ತಿಗೆ ಹಿಡಿಯುವವನು ಅಂತ ಪೊಲೀಸರಿಗೆ ಕೊಟ್ಟೆಯಲ್ಲ, ನಾಚಿಕೆ ಆಗೋದಿಲ್ವಾ ನಿನಗೆ? ಇನ್ನು ಅರ್ಧ ಗಂಟೆಯಲ್ಲಿ ಅವನನ್ನ ವ್ಯಾನ್ ಹತ್ತಿಸ್ತಾರೆ. ಆಮೇಲೆ ಎಷ್ಟು ವರ್ಷವೋ ಯಾರಿಗೆ ಗೊತ್ತು. ಹೇಳು. ಕೆಳಗೆ ಕೂತು ಹೊಡೆದದ್ದು ನೀನೇ ತಾನೆ?"

"ಹೌದು," ಎಂದ ಸುಖೇಶ್. "ನಾನೇ."

ಆ ಉತ್ತರ ಅವರು ನೆನೆಸಿದ್ದಕ್ಕಿಂತ ಬೇಗ ಬಂತು. ಕಾರ್ಖಾನೆಯಲ್ಲಿ ತಟ್ಟಿದೊಡನೆ ಟಣ್ ಎನ್ನಬೇಕಾದ ತುಂಡು ಟೊಪ್ ಎಂದರೆ ಒಳಗೆ ಬಿರುಕಿದೆ ಎಂದೇ ಲೆಕ್ಕ. ದೇವೀರಮ್ಮ ಅವನನ್ನು ಒಂದು ಕ್ಷಣ ದಿಟ್ಟಿಸಿದರು.

"ಎಲ್ಲಿ ಹೊಡೆದೆ?"

"ಮೋಟರಿಗೆ."

"ಮೋಟರಿನ ಯಾವ ತುದಿಗೆ?"

"ಹಿಂದಿನ ತುದಿಗೆ. ಹುಲಿಗೆಪ್ಪ ಹೇಳಿಕೊಟ್ಟದ್ದು ಉಂಟಲ್ಲ."

ತಪ್ಪು ಉತ್ತರ. ಬಲ್ಲವನ ಉತ್ತರ. ಹೊಸ ಆರು ಗುರುತುಗಳು ಇದ್ದದ್ದು ನಡುವಿನಲ್ಲಿ. ದೇವೀರಮ್ಮ ಬಾಯಿ ತೆರೆಯುವಷ್ಟರಲ್ಲಿ ಗಲ್ಲಾದ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

"ಸಾಕು ಮಗಾ," ಎಂದರು ಅಕ್ಕು. "ಕುಟ್ಟಿದ್ದು ನಾನು."

"ಅಮ್ಮ, ನೀವು ಸುಮ್ಮನಿರಿ."

"ಮೂರು ದಿನ ಸುಮ್ಮನಿದ್ದೆ. ಇವನು ಹೀಗೆಲ್ಲ ಬರೆಸಿದ್ದು ನನಗೆ ಈಗಲೇ ಗೊತ್ತಾಗುವುದು." ಅಕ್ಕು ನಿಧಾನವಾಗಿ ಬಂದು ದೇವೀರಮ್ಮನವರ ಎದುರಿನ ಬೆಂಚಿನ ಮೇಲೆ ಕೂತರು. ಅರವತ್ತೆಂಟು ವರ್ಷದ ಸಣ್ಣ ಆಳು. ಕಿವಿಯಲ್ಲಿ ಹಳೆಯ ಬೆಂಡೋಲೆ. "ಹುಲಿಗೆಪ್ಪನನ್ನು ಹಿಡಿದಿದ್ದಾರೆ ಅಂತ ಮಾತ್ರ ಹೇಳಿದ. ಯಾಕೆ ಅಂತ ಕೇಳಿದ್ರೆ, ಬ್ರೇಕಿನ ವಿಷಯ, ನಿಮಗೆ ಅರ್ಥ ಆಗುದಿಲ್ಲ ಅಂದ."

"ನಾನು ಎಂತ ಮಾಡುದು ಮೇಡಂ," ಎಂದ ಸುಖೇಶ್. ಅವನ ದನಿ ಒಡೆದಿತ್ತು. "ಭಾನುವಾರ ಮೇಲಿಂದ ಇಳಿದು ಬರುವಾಗ ಗಾಡಿ ಗೇಟು ದಾಟ್ತಾ ಉಂಟು. ಅಮ್ಮ ಹಿತ್ತಲಲ್ಲಿ ಕುಟ್ಟಾಣಿ ಹಿಡಿದು ನಿಂತಿದ್ದಾರೆ. ಸಂಜೆಗೆ ನೋಡಿದ್ರೆ ಮಾರ್ತಾಂಡ ಸತ್ತ ಅಂತ ಫೋನು. ಗಾಡಿಗೆ ಯಾರು ಕೈ ಹಾಕಿದ್ರು ಅಂತ ಪೊಲೀಸರು ಕೇಳ್ತಾರೆ. ಈ ಪ್ರಾಯದಲ್ಲಿ ಅಮ್ಮನನ್ನು ಠಾಣೆಗೆ ಕಳಿಸ್ಲಿಕ್ಕೆ ಆಗ್ತದಾ?"

"ಅದಕ್ಕೆ ಹುಲಿಗೆಪ್ಪನನ್ನ ಕಳಿಸಿದೆ."

ಸುಖೇಶ್ ತಲೆ ತಗ್ಗಿಸಿದ. ತನ್ನ ತಾಯಿ ಅರ್ಧ ದಿನ ಠಾಣೆಯ ಬೆಂಚಿನ ಮೇಲೆ ಕೂರಬಾರದೆಂದು ಇನ್ನೊಬ್ಬನ ಹೆಂಡತಿ ಮಕ್ಕಳು ಜೀವಮಾನವಿಡೀ ಜೈಲಿನ ಬಾಗಿಲಿಗೆ ಅಲೆಯಲಿ ಎಂದು ಒಪ್ಪಿಕೊಂಡಿದ್ದ, ಅದೂ ಎಲೆಕೋಸಿನ ಆರ್ಡರ್ ಕೊಟ್ಟಷ್ಟು ಸುಲಭವಾಗಿ. ಕೆಟ್ಟವನೂ ಅಲ್ಲ ಅವನು. ಅದೇ ದೇವೀರಮ್ಮನವರಿಗೆ ತಡೆಯಲಾಗದಿದ್ದದ್ದು. ಕೆಟ್ಟವನಾಗಿದ್ದರೆ ಬಯ್ಯುವುದು ಸುಲಭವಾಗಿತ್ತು.

ಅವರು ಅವನ ಕಡೆಯಿಂದ ಮುಖ ತಿರುಗಿಸಿ ಅಕ್ಕುವಿನ ಕೈ ಹಿಡಿದುಕೊಂಡರು. ಒಳಗೊಳಗೇ ಹಗುರವೂ ಆಗಿದ್ದರು. ಇನ್ನೇನು, ಮುಗಿಯಿತು. ಹೊಸ ಗುರುತು ಸುತ್ತಿಗೆಯದಲ್ಲ, ಹುಲಿಗೆಪ್ಪನದಲ್ಲ. ಹೊಡೆದವರೇ ಬಾಯಿಬಿಟ್ಟು ಹೇಳಿದ್ದಾರೆ. ಆ ರಿಪೋರ್ಟನ್ನು ಈಗ ಕಡಲೆಕಾಯಿ ಕಟ್ಟಲು ಕೊಡಬಹುದು.

"ಅಕ್ಕು, ಆ ದಿನ ಏನಾಯ್ತು ಅಷ್ಟೂ ಹೇಳಿ. ಇವರು ಬರ್ಕೊಳ್ತಾರೆ. ಹೆದರಬೇಡಿ."

"ಹೆದರಿಕೆ ಎಂತದ್ದು. ಮೂರು ಗಂಟೆ ಆಗಿರ್ಬೇಕು. ಹಿತ್ತಲಲ್ಲಿ ಕೀ ತಿರುಗಿಸಿ ತಿರುಗಿಸಿ ಕಟಕಟ ಶಬ್ದ. ಹೋಗಿ ನೋಡಿದೆ. ಅಕ್ಕಾ, ಸ್ವಲ್ಪ ತಟ್ಟಿ ಕೊಡ್ರಿ ಅಂತ ಹೇಳಿದ. ನೀನೇ ತಟ್ಟು ಮಾರಾಯ, ನಾನು ಕೀ ಹಿಡಿತೇನೆ ಅಂತ ಹೇಳ್ಬಹುದಿತ್ತು. ಆದ್ರೆ ನನಗೆ ಕೀ ಮುಟ್ಲಿಕ್ಕೆ ಹೆದರಿಕೆ. ಗಾಡಿ ಮುಂದೆ ಹಾರಿ ಗೋಡೆಗೆ ಹೋದ್ರೆ? ಸುತ್ತಿಗೆ ಕೊಡು ಅಂದೆ. ಇವತ್ತು ತಂದಿಲ್ಲ ಅಂದ. ಮತ್ತೆ ಒಳಗೆ ಹೋಗಿ ಈ ಕುಟ್ಟಾಣಿ ತಂದೆ. ಕೂತು, ಕೈ ತೂರಿಸಿ, ಸಿಕ್ಕಿದಲ್ಲಿಗೆ ಹೊಡೆದೆ. ಐದಾರು ಸಲ. ಸ್ಟಾರ್ಟ್ ಆಯ್ತು."

ಕೃಷ್ಣಾಜಿಯ ಪೆನ್ನು ಓಡುತ್ತಿತ್ತು.

"ಮಾರ್ತಾಂಡ ಎಲ್ಲಿಗೆ ಹೋಗ್ತೀನಿ ಅಂದ?" ಎಂದು ಕೇಳಿದರು ದೇವೀರಮ್ಮ.

ಅಕ್ಕು ಅರ್ಥವಾಗದವರಂತೆ ನೋಡಿದರು.

"ಮಾರ್ತಾಂಡ ಎಂತ ಹೇಳುದು? ಅವನಿಗೆ ಮಾತಾಡ್ಲಿಕ್ಕೆ ಎಲ್ಲಿ ಆಗ್ತಿತ್ತು. ಅವ ಹಿಂದೆ ತರಕಾರಿ ಚೀಲದ ಮೇಲೆ ಮಲಗಿದ್ದ. ಮುಖದ ಮೇಲೆ ಟವೆಲ್ ಹಾಕಿದ್ರು."

"ಮತ್ತೆ ಕೀ ಹಿಡಿದಿದ್ದವರು?"

"ಹುಲಿಗೆಪ್ಪ," ಎಂದರು ಅಕ್ಕು. "ಮತ್ಯಾರು?"

ಶಟರಿನ ಆಚೆ ರಿಕ್ಷಾವೊಂದು ಹಾರ್ನ್ ಮಾಡುತ್ತ ಹೋಯಿತು. ದೇವೀರಮ್ಮ ಅಕ್ಕುವಿನ ಕೈ ಹಿಡಿದೇ ಇದ್ದರು. ಇನ್ನೂ ಬಿಟ್ಟಿಲ್ಲವೆಂಬುದು ಅವರಿಗೇ ಗೊತ್ತಿರಲಿಲ್ಲ.

"ಸರಿಯಾಗಿ ನೋಡಿದ್ರಾ ಅಕ್ಕು?"

"ನೋಡುದೆಂತ, ಮಾತಾಡಿದ್ದೇನೆ. ಮಾರ್ತಾಂಡನಿಗೆ ಮೈ ಸರಿಯಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ ಅಂದ. ಯಾರಿಗೂ ಹೇಳ್ಬೇಡಿ ಅಕ್ಕಾ, ಅವನ ಮನೆಯವರು ಗಾಬರಿ ಆಗ್ತಾರೆ ಅಂತ ಕೈ ಮುಗಿದ. ಮಾತು ಕೊಟ್ಟೆ. ಅದಕ್ಕೆ ಇಷ್ಟು ದಿನ ಬಾಯಿ ಬಿಡ್ಲಿಲ್ಲ."

ಆಸ್ಪತ್ರೆ ಇಲ್ಲೇ ಖಡಕಿಯಲ್ಲಿ ಇತ್ತು, ನಡೆದರೆ ಹತ್ತು ನಿಮಿಷ. ಗಾಡಿ ಸಿಕ್ಕಿದ್ದು ಲೋಣಾವಳಾದಲ್ಲಿ, ಒಂದೂವರೆ ಗಂಟೆಯ ದಾರಿ. ಹೆಣ ಸಿಕ್ಕಿದ್ದು ಡ್ರೈವರ್ ಸೀಟಿನಲ್ಲಿ. ಮತ್ತು ಹುಲಿಗೆಪ್ಪ ದೇಹೂ ರೋಡಿನಲ್ಲಿ, ತಂಗಿಯ ಮನೆಯಲ್ಲಿ, ಮುಂಜಾನೆಯಿಂದ ಸಂಜೆಯ ತನಕ. ಒಂದು ಗಂಟೆಯ ಹಿಂದೆ ಸರಳಿನ ಆಚೆಯಿಂದ ಅವನು ಹೇಳಿದ್ದು, ಇವರು ನಂಬಿದ್ದು. ದೇವೀರಮ್ಮನವರಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗೆ ಉರಿಯಿತು. ಇಷ್ಟು ಹೊತ್ತು ಯಾರ ಪರವಾಗಿ ಸಿಟ್ಟು ಮಾಡಿದ್ದರೋ, ಈಗ ಅವನ ಮೇಲೆಯೇ ಮಾಡಬೇಕೆ, ಅಥವಾ ಅವನ ಬಾಯಿಯಿಂದ ಇನ್ನೊಂದು ಮಾತು ಕೇಳುವ ತನಕ ತಡೆಯಬೇಕೆ ಎಂದೇ ತಿಳಿಯಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಮೂರೂ ಇಪ್ಪತ್ತು ಆಗಿತ್ತು.

ಸುಖೇಶ್ ಬಾಯಿ ತೆರೆದುಕೊಂಡು ತಾಯಿಯನ್ನೇ ನೋಡುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು.

"ಕೃಷ್ಣಾಜಿ," ಎಂದರು ದೇವೀರಮ್ಮ, ಬಹಳ ಮೆಲ್ಲಗೆ.

ಕೃಷ್ಣಾಜಿ ತಲೆ ಎತ್ತಲಿಲ್ಲ. ಕೊನೆಯ ಸಾಲು ಬರೆದು ಮುಗಿಸಿ, ಅದರ ಕೆಳಗೆ ಗೆರೆ ಎಳೆದ. ಪುಟವನ್ನು ಅಕ್ಕುವಿನ ಮುಂದೆ ತಳ್ಳಿ, ಪೆನ್ನು ಇಟ್ಟ.

"ಇಲ್ಲೊಂದು ಸಹಿ ಮಾಡ್ರಿ, ಆಯಿ."

ಅಕ್ಕು ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ನಿಧಾನವಾಗಿ, ಒಂದೊಂದೇ ಅಕ್ಷರ ಬರೆದರು. ಆಮೇಲೆ ಬೆಂಚಿನ ಕೆಳಗಿನ ಚಪ್ಪಲಿಗೆ ಕಾಲು ತೂರಿಸುತ್ತ ದೇವೀರಮ್ಮನವರ ಮುಖ ನೋಡಿದರು. ಮೂರು ದಿನದ ಭಾರ ಇಳಿಸಿದವರ ಮುಖ ಅಕ್ಕುವಿನದು.

"ನಡೀರಿ, ನಾನೂ ಕೋರ್ಟಿಗೆ ಬರ್ತೇನೆ. ಇಷ್ಟು ಹೇಳಿದ್ರೆ ಪಾಪ ಹುಲಿಗೆಪ್ಪನನ್ನು ಬಿಡ್ತಾರಲ್ವಾ?"